ಸ್ಲೈಡ್ ಓದುವ ಮೇಷ್ಟ್ರುಗಳ ಬಗ್ಗೆ

ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡ್, ಇಲ್ಲದೆ ಪಾಠ ಮಾಡಿದರೆ ಹಳೇ ಕಾಲದವರು ಅನ್ನೋ ಹಾಗಾಗಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಅಂದರೆ ಸಾಕು, ಎಷ್ಟು ಕ್ಲಾಸ್‌ರೂಮಿನಲ್ಲಿ ಪ್ರೊಜೆಕ್ಟರ್ ಇದೆ ಅಂತ ಲೆಕ್ಕ ಶುರು. ಅದರಲ್ಲಿ ಏನು ತೋರಿಸಿದಿರಿ ಅಂತ ಕೇಳುವವರು ಕಡಿಮೆ.

ನಾನು ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು. ಜಾಸ್ತಿ ನೋಡಿರುವುದು ಇದನ್ನೇ: ಪುಸ್ತಕದ ಪ್ಯಾರಾ ಹಾಗೇ ಸ್ಲೈಡಿಗೆ ಬಂದಿರುತ್ತದೆ, ಮೇಷ್ಟ್ರು ಪರದೆ ಕಡೆ ತಿರುಗಿಕೊಂಡು ಓದುತ್ತಾ ಹೋಗುತ್ತಾರೆ. ಮಕ್ಕಳು ಮೊಬೈಲ್ ಎತ್ತಿ ಒಂದು ಫೋಟೊ ಹೊಡೆದರೆ ನೋಟ್ಸ್ ಮುಗೀತು. ಮೊದಲು ನೋಟ್ಸ್ ಡಿಕ್ಟೇಟ್ ಮಾಡುತ್ತಿದ್ದರಲ್ಲ, ಇದೂ ಅದೇ ಕಾಯಿಲೆ. ಆಗ ಮಕ್ಕಳ ಕೈಯಾದರೂ ಓಡುತ್ತಿತ್ತು.

ಕನ್ನಡದವರ ಪಾಡು ಇನ್ನೂ ಚೆಂದ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ, ಬಸವಣ್ಣನ ವಚನ ಇರಬೇಕಾದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಯಾವ ಕಂಪ್ಯೂಟರಿನಲ್ಲಾದರೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡ್ರಪ್ಪ ಅಂತ ಹೇಳಿ ಹೇಳಿ ಸಾಕಾಯಿತು.

ಹಾಗಂತ ನಾನೇನು ಚಾಕ್‌ಪೀಸ್ ಪಕ್ಷದವಳಲ್ಲ. ಶಾಸನದ ಪಾಠ ತಗೊಳ್ಳಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು. 8ನೇ ಶತಮಾನದ್ದು. ಅಲ್ಲಿನ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಇಂಥ ಎಷ್ಟೋ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿದ್ದಾರೆ. ಸವೆದ ಕಲ್ಲಿನ ಮೇಲೆ ನೇರ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಆ ಸ್ಕ್ಯಾನನ್ನು ಪರದೆ ಮೇಲೆ ತೆಗೆದರೆ ಬೆಳಕನ್ನು ಪಕ್ಕಕ್ಕೆ ಸರಿಸಬಹುದು. ಗೀರುಗಳಲ್ಲಿ ನೆರಳು ಕೂತು ಅಕ್ಷರ ಏಳುತ್ತದೆ. ಆಗ ನೋಡಬೇಕು, ಹಿಂದಿನ ಬೆಂಚಿನವರೂ ಮುಂದೆ ಬಂದು "ಇದು ಕ ಅಲ್ವಾ ಮೇಡಂ?" "ಇಲ್ಲ ಕಣೋ, ರ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಆಗುತ್ತದಾ? ಅಚ್ಚಾದ ಪಠ್ಯದಲ್ಲಂತೂ ಯಾರೋ ಆಗಲೇ ಓದಿಟ್ಟಿರುತ್ತಾರೆ, ಮಕ್ಕಳಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಇನ್ನು ವಚನವೋ, ಪಂಪನ ಪದ್ಯವೋ ಆದರೆ ಪರದೆ ಯಾಕೆ? ಓದಿ, ನಿಲ್ಲಿಸಿ, ಮುಖ ನೋಡಿ, ಇನ್ನೊಂದು ಸಲ ಓದಬೇಕು. ಸ್ಲೈಡ್ ಇದ್ದರೆ ಮಕ್ಕಳ ಕಣ್ಣು ಅಲ್ಲೇ, ನಮ್ಮ ಕಣ್ಣೂ ಅಲ್ಲೇ. ಅಂದಹಾಗೆ, ಪವರ್‌ಪಾಯಿಂಟ್ ಓಡುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ವಾಪಸ್ ಬರುತ್ತದೆ. ಐಸಿಟಿ, ಅಂದರೆ ಕಂಪ್ಯೂಟರ್ ಬಳಸಿ ಪಾಠ ಮಾಡುವ ತರಬೇತಿ ಕೊಡುವವರು ಅನಿಮೇಷನ್ ಹೇಳಿಕೊಡುವ ಮೊದಲು ಇದನ್ನು ಹೇಳಿಕೊಟ್ಟರೆ ಒಳ್ಳೆಯದು.