ಬರ್ಬನ್ ಸ್ಟ್ರೀಟ್ ಅಂದ್ರೆ ಬರೀ ಗಲಾಟೆಯಲ್ಲ

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್ ಬಾರ್‌ಗಳ ಬಗ್ಗೆ ನೀವು ಬರೆದದ್ದು ಖುಷಿ ಕೊಟ್ಟಿತು. ಆದರೆ ಆ ಬೀದಿಯಲ್ಲಿ ಕುಡಿತ, ಕಿರುಚಾಟ ಬಿಟ್ಟು ಬೇರೇನಿಲ್ಲ ಎಂದಿದ್ದೀರಲ್ಲ, ಅದನ್ನು ಒಪ್ಪಲು ಆಗುವುದಿಲ್ಲ.

ಬೀದಿಯ ಗದ್ದಲ ದಾಟಿ ಸೇಂಟ್ ಫಿಲಿಪ್ ಸ್ಟ್ರೀಟ್ ಮೂಲೆಯವರೆಗೆ ಸುಮ್ನೆ ನಡೆದು ನೋಡಿ. ಅಲ್ಲಿ ಲಫೀಟ್ಸ್ ಬ್ಲ್ಯಾಕ್‌ಸ್ಮಿತ್ ಶಾಪ್ ಎಂಬ ಹಳೆಯ ಬಾರ್ ಇದೆ. 18ನೇ ಶತಮಾನದ ಪುಟ್ಟ ಕಟ್ಟಡ. ಮರದ ಚೌಕಟ್ಟು, ನಡುವೆ ಇಟ್ಟಿಗೆ. ರಾತ್ರಿ ಒಳಗೆ ಮೇಣದಬತ್ತಿ ಬೆಳಕೇ ಜಾಸ್ತಿ. ಕಡಲ್ಗಳ್ಳ ಜೀನ್ ಲಫೀಟ್ ಇಲ್ಲಿ ಕಮ್ಮಾರಸಾಲೆಯ ಮರೆಯಲ್ಲಿ ಕಳ್ಳಮಾಲು ಮಾರುತ್ತಿದ್ದ ಎಂಬ ಕತೆ ಇದೆ. ಅದಕ್ಕೆ ಗಟ್ಟಿ ದಾಖಲೆಯಿಲ್ಲ, ಕತೆ ಎಂದೇ ಕೇಳಬೇಕು. ಆದರೆ ಕಟ್ಟಡ ಕತೆಯಲ್ಲ, ಕಣ್ಣೆದುರೇ ನಿಂತಿದೆ. 1788 ಮತ್ತು 1794ರ ಬೆಂಕಿಯಲ್ಲಿ, ಈ ಬೀದಿ ಇರುವ ಹಳೆಯ ಬಡಾವಣೆ ಫ್ರೆಂಚ್ ಕ್ವಾರ್ಟರ್‌ನ ಎಷ್ಟೋ ಮನೆಗಳು ಸುಟ್ಟುಹೋದವು. ಅಂಥ ಊರಿನಲ್ಲಿ ಇಂಥದ್ದೊಂದು ಉಳಿದಿರುವುದೇ ದೊಡ್ಡದು, ಅಲ್ವಾ?

ಬರ್ಬನ್ ಸ್ಟ್ರೀಟ್‌ನಲ್ಲೇ ಇರುವ ಓಲ್ಡ್ ಆಬ್ಸಿಂತ್ ಹೌಸ್ ಎಂಬ ಬಾರ್ ಕೂಡ 19ನೇ ಶತಮಾನದ ಆರಂಭದ ಕಟ್ಟಡ.

ಇನ್ನೊಂದು ತಿದ್ದುಪಡಿ. ಬೀದಿಗೆ ಆ ಹೆಸರು ಬಂದದ್ದು ಬರ್ಬನ್ ಎಂಬ ವಿಸ್ಕಿಯಿಂದಲ್ಲ, ಫ್ರಾನ್ಸಿನ ಬೂರ್ಬನ್ ರಾಜಮನೆತನದಿಂದ.

ಹೋಗುವವರಿಗೆ ಒಂದು ಮಾತು: ಅಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಪಾನೀಯ ಹಿಡಿದು ಬೀದಿಯಲ್ಲಿ ಓಡಾಡಬಹುದು, ಗಾಜಿನ ಲೋಟ, ಬಾಟಲಿ ಹಿಡಿದು ಓಡಾಡುವಂತಿಲ್ಲ. ಕುಡಿಯಲು 21 ವರ್ಷ ತುಂಬಿರಬೇಕು. ಸಂಜೆ ಬೇಗ ಹೋಗಿ, ಜನ ಕಡಿಮೆ ಇರುವಾಗ ಆ ಹಳೆಯ ಗೋಡೆಗಳನ್ನು ನಿಧಾನವಾಗಿ ನೋಡಬಹುದು.