ನನ್ನ 212ನೇ ಹಾಡು ಬಿಡುಗಡೆಯಾಗಿದೆ

ಕಳೆದ ತಿಂಗಳ ಒಂದು ಮಂಗಳವಾರದಿಂದ ನಾನು ಸಂಗೀತ ನಿರ್ದೇಶಕ. ಸೋಮವಾರದವರೆಗೆ ಏನಾಗಿದ್ದೆ ಎಂದು ಕೇಳಬೇಡಿ, ಕಲಾವಿದನ ಪೂರ್ವಾಶ್ರಮ ಮುಖ್ಯವಲ್ಲ. ಆ ರಾತ್ರಿ ಹಲ್ಲುಜ್ಜುತ್ತಾ ಫೋನಿನಲ್ಲಿ, ಹಾಡು ಕಟ್ಟಿಕೊಡುವ ಎಐ ಯಂತ್ರಕ್ಕೆ ‘ವಿರಹ, ಮಳೆ, ಕೊಳಲು, ಡ್ರಮ್ಸ್ ಸ್ವಲ್ಪ ಜೋರಾಗಿ’ ಎಂದು ಟೈಪ್ ಮಾಡಿದೆ. ಬಾಯಿ ಮುಕ್ಕಳಿಸುವಷ್ಟರಲ್ಲಿ ಎರಡು ಹಾಡು ಸಿದ್ಧವಾಗಿದ್ದವು. ನನಗಿದ್ದದ್ದು ಒಂದೇ ವಿರಹ. ಆದರೂ ಬಂದದ್ದನ್ನು ಬೇಡವೆನ್ನುವುದೇಕೆ ಎಂದು ಎರಡನ್ನೂ ಬಿಡುಗಡೆ ಮಾಡಿಬಿಟ್ಟೆ. ಈ ಅಂಕಣ ಬರೆಯುವ ಹೊತ್ತಿಗೆ ಲೆಕ್ಕ 212ಕ್ಕೆ ಬಂದಿದೆ. ಹಲ್ಲು ಕೂಡ ಹಿಂದೆಂದೂ ಇಲ್ಲದಷ್ಟು ಬೆಳ್ಳಗಾಗಿವೆ.

ನನಗೊಬ್ಬ ಗೆಳೆಯನಿದ್ದಾನೆ, ಹಳೇ ಕಾಲದ ಸಂಗೀತ ನಿರ್ದೇಶಕ. ಹಳೇ ಕಾಲದವನೆಂದರೆ ಸಂಗೀತ ಬಲ್ಲವನು ಎಂದರ್ಥ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಮೊನ್ನೆ ಅವನು ಒಂದು ಹಾಡಿಗೆ ಹನ್ನೊಂದು ದಿನ ತೆಗೆದುಕೊಂಡ. ಅದರಲ್ಲಿ ನಾಲ್ಕು ದಿನ ಪಲ್ಲವಿಯಿಂದ ಚರಣಕ್ಕೆ ದಾಟುವ ಒಂದು ಪುಟ್ಟ ಬಿಟ್‌ಗೇ ಹೋಯಿತು. ಪಿಟೀಲಿನವರನ್ನು ಕರೆಸಿ ಅದನ್ನೇ ಹದಿನಾಲ್ಕು ಸಲ ನುಡಿಸಿದ. ಕೊನೆಗೆ ಮೊದಲನೇ ಸಲ ನುಡಿಸಿದ್ದನ್ನೇ ಇಟ್ಟುಕೊಂಡ. ‘ಹಾಗಾದರೆ ಉಳಿದ ಹದಿಮೂರು ಯಾಕೆ ಮಾರಾಯ?’ ಎಂದೆ. ‘ಮೊದಲನೆಯದೇ ಸರಿ ಅಂತ ಗೊತ್ತಾಗೋದಕ್ಕೆ’ ಎಂದ. ಇಂಥವರ ಕೈಯಲ್ಲಿ ಉದ್ಯಮ ಉದ್ಧಾರವಾಗುವುದುಂಟೇ?

ಅವನ ಕಷ್ಟವನ್ನು, ಇಂಥ ಹಾಡು ಕಟ್ಟುವ ಯಂತ್ರ ನಡೆಸುವ ಸುನೋ ಕಂಪನಿಯ ಮುಖ್ಯಸ್ಥ ಮೈಕಿ ಶುಲ್ಮನ್ ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ. 2025ರ ಜನವರಿಯಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಸಂಗೀತ ಮಾಡುವುದಕ್ಕೆ ತುಂಬ ಹೊತ್ತು ಬೇಕು, ತುಂಬ ಅಭ್ಯಾಸ ಬೇಕು, ಆ ಹೊತ್ತಿನ ಬಹುಪಾಲು ಬಹುತೇಕರಿಗೆ ಖುಷಿಯನ್ನೇ ಕೊಡುವುದಿಲ್ಲ. ಎಂಥ ಕರುಣೆ! ನೂರಾರು ವರ್ಷದಿಂದ ಜನ ನಸುಕಿನಲ್ಲೆದ್ದು ಸರಳೆ, ಜಂಟಿ ಎಂದು ಗಂಟಲು ಹರಿದುಕೊಂಡರು. ‘ಖುಷಿಯಾಗುತ್ತಿದೆಯೇನಪ್ಪಾ?’ ಎಂದು ಒಬ್ಬನಾದರೂ ಬಂಡವಾಳಗಾರ ಬಾಗಿಲಿಗೆ ಬಂದು ವಿಚಾರಿಸಿದ್ದನೇ?

ಯಂತ್ರಕ್ಕೆ ಇಷ್ಟೊಂದು ವಿದ್ಯೆ ಎಲ್ಲಿಂದ ಬಂತು ಎಂದು ಅಸೂಯೆಯ ಜನ ಕೇಳುತ್ತಾರೆ. 2024ರ ಜೂನ್‌ನಲ್ಲಿ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಸಂಗೀತ ಕಂಪನಿಗಳು ಅಮೆರಿಕದಲ್ಲಿ ಸುನೋ ಮತ್ತು ಅಂಥದೇ ಇನ್ನೊಂದು ಕಂಪನಿ ಯೂಡಿಯೊ ಮೇಲೆ ಇದೇ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದವು. ಸುನೋ ಮುಚ್ಚುಮರೆ ಮಾಡಲಿಲ್ಲ. ಇಂಟರ್ನೆಟ್‌ನಲ್ಲಿ ಕೈಗೆ ಸಿಗುವ, ಗುಣಮಟ್ಟ ಪರವಾಗಿಲ್ಲ ಎನ್ನುವಂಥ ಹೆಚ್ಚುಕಡಿಮೆ ಎಲ್ಲ ಧ್ವನಿಮುದ್ರಣಗಳನ್ನೂ ತರಬೇತಿಗೆ ಬಳಸಿದ್ದೇವೆ, ಅದು ಅನುಮತಿ ಕೇಳದೆಯೂ ಕಾನೂನು ಒಪ್ಪುವ ‘ನ್ಯಾಯಯುತ ಬಳಕೆ’ ಎಂದು ಉತ್ತರ ಕೊಟ್ಟಿತು. ಎಳೆಯ ಹುಡುಗನೊಬ್ಬ ರಾಕ್ ಸಂಗೀತ ಕೇಳಿ ಕೇಳಿ ತಾನೂ ಹಾಡು ಬರೆಯುವುದಿಲ್ಲವೇ, ಇದೂ ಹಾಗೆಯೇ ಎಂಬ ಹೋಲಿಕೆಯನ್ನೂ ಕೊಟ್ಟಿತು. ಹೋಲಿಕೆ ಚೆನ್ನಾಗಿದೆ. ಕೋಟಿಗಟ್ಟಲೆ ಹಾಡು ಕೇಳಿ ಒಂದನ್ನೂ ಮರೆಯದೆ, ಪ್ರತಿ ಕ್ಷಣ ಸಾವಿರಾರು ಜನರಿಗೆ ಹಾಡು ಕಟ್ಟಿಕೊಟ್ಟು, ತಿಂಗಳ ಚಂದಾ ವಸೂಲಿ ಮಾಡುವ ಹುಡುಗರು ನಿಮ್ಮ ಮನೆಯಲ್ಲೂ ಇರಬಹುದು, ಸರಿಯಾಗಿ ನೋಡಿಕೊಳ್ಳಿ.

ಮುಂದಿನ ಕಥೆ ಇನ್ನೂ ಚೆಂದ. 2025ರ ಅಕ್ಟೋಬರ್‌ನಲ್ಲಿ ಯೂನಿವರ್ಸಲ್ ಕಂಪನಿ ಯೂಡಿಯೊ ಜೊತೆ ರಾಜಿಯಾಯಿತು. ನವೆಂಬರ್‌ನಲ್ಲಿ ವಾರ್ನರ್ ಸುನೋ, ಯೂಡಿಯೊ ಇಬ್ಬರೊಂದಿಗೂ ರಾಜಿಯಾಯಿತು. ಕಳ್ಳ ಕಳ್ಳ ಎಂದು ಬೆನ್ನಟ್ಟಿದವರೇ ಬೀಗರಾದರು. ಹಾಡು ಕಟ್ಟಿದವರ ಒಪ್ಪಿಗೆ ಕೇಳುತ್ತೇವೆ, ಅವರಿಗೂ ಪಾಲಿದೆ ಎಂದು ಎರಡೂ ಕಡೆಯವರು ಹೇಳಿದ್ದಾರೆ. ಎಷ್ಟು ಎಂದು ಕೇಳುವುದು ಶುಭಕಾರ್ಯದಲ್ಲಿ ಸಭ್ಯತೆಯಲ್ಲ.

ನನ್ನ ಗೆಳೆಯ ಮಾತ್ರ ಹಳೇ ರಾಗ ಬಿಡುವುದಿಲ್ಲ. ಮೊದಲೆಲ್ಲ ಗಿರಾಕಿಗಳು ಯಾವುದೋ ಹಾಡು ಕೇಳಿಸಿ ‘ಇದರ ಥರ ಬೇಕು’ ಎನ್ನುತ್ತಿದ್ದರಂತೆ. ಈಗ ಯಂತ್ರದಿಂದ ಇಡೀ ಹಾಡನ್ನೇ ತೆಗೆಸಿಕೊಂಡು ಬರುತ್ತಾರೆ. ‘ಹಾಡು ಆಗಲೇ ಆಗಿದೆ ಸರ್, ಸ್ವಲ್ಪ ಫೀಲ್ ಹಾಕಿಕೊಡಿ ಸಾಕು. ರೇಟು ಹತ್ತರಲ್ಲೊಂದು ಪಾಲು ಮಾಡಿಕೊಳ್ಳಿ.’ ಯಂತ್ರ ಕೊಟ್ಟದ್ದರಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವ ಸದ್ದೂ ಇರುತ್ತದಂತೆ, ಶ್ವಾಸಕೋಶ ಮಾತ್ರ ಇರುವುದಿಲ್ಲ. ಅವನೀಗ ಸ್ಟುಡಿಯೋದಲ್ಲಿ ಕೂತು ಇಲ್ಲದ ಪಿಟೀಲಿನ ಅಪಸ್ವರ ತೆಗೆಯುತ್ತಾನೆ, ಇಲ್ಲದ ಗಾಯಕಿಯ ಉಚ್ಚಾರ ತಿದ್ದುತ್ತಾನೆ. ಇರುವ ಪಿಟೀಲಿನವರು ಫೋನ್ ಮಾಡಿ ಕೆಲಸ ಇದೆಯೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾನೆ.

ನಾನು ಧೈರ್ಯ ಹೇಳಿದೆ. ಸಿಸಾಕ್ ಎಂಬ ಲೇಖಕರ, ಸಂಗೀತಕಾರರ ಅಂತರರಾಷ್ಟ್ರೀಯ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ಒಂದು ಅಂದಾಜು ಕೊಟ್ಟಿದೆ: 2028ರ ಹೊತ್ತಿಗೆ ಸಂಗೀತ ರಚಿಸುವವರ ಆದಾಯದಲ್ಲಿ ನೂರಕ್ಕೆ 24ರಷ್ಟು ಅಪಾಯದಲ್ಲಿದೆಯಂತೆ. ‘ನೋಡು, ಇನ್ನೂ 76 ಉಳಿಯುತ್ತೆ’ ಎಂದೆ. ಅವನು ಹೆಡ್‌ಫೋನ್ ಹಾಕಿಕೊಂಡ.

ನನ್ನ ಹಾಡುಗಳನ್ನು ಯಾರು ಕೇಳುತ್ತಾರೆ ಎಂಬ ಸಣ್ಣ ಪ್ರಶ್ನೆ ಈ ನಡುವೆ ಎದ್ದಿತು. ಡೀಜರ್ ಎಂಬ ಫ್ರೆಂಚ್ ಸ್ಟ್ರೀಮಿಂಗ್ ಸಂಸ್ಥೆ ಇದರ ಲೆಕ್ಕ ಇಡುತ್ತದೆ. ಅದರೊಂದಕ್ಕೇ 2025ರ ಜನವರಿಯಲ್ಲಿ ದಿನಕ್ಕೆ ಸುಮಾರು 10,000 ಯಂತ್ರದ ಹಾಡು ಬಂದು ಬೀಳುತ್ತಿದ್ದವು, ನವೆಂಬರ್ ಹೊತ್ತಿಗೆ 50,000. ಒಂದೊಂದು ಮೂರು ನಿಮಿಷ ಎಂದುಕೊಳ್ಳಿ, ಒಂದು ದಿನದ ಫಸಲನ್ನು ಕೇಳಿ ಮುಗಿಸಲು ನಿದ್ದೆ ಬಿಟ್ಟು ನೂರಾನಾಲ್ಕು ದಿನ ಬೇಕು. ಅಷ್ಟರಲ್ಲಿ ಮತ್ತೆ ಐವತ್ತೆರಡು ಲಕ್ಷ ಹಾಡು ಬಂದಿರುತ್ತವೆ. ಆಗ ಅಲ್ಲಿ ಜನ ಕೇಳುತ್ತಿದ್ದ ಒಟ್ಟು ಸಂಗೀತದಲ್ಲಿ ಇವುಗಳ ಪಾಲು ಶೇಕಡ 0.5, ಅಂದರೆ ನೂರಕ್ಕೆ ಅರ್ಧ ಮಾತ್ರ. ಆ ಅರ್ಧದಲ್ಲೂ ಹತ್ತಕ್ಕೆ ಏಳರವರೆಗೆ ಮೋಸದ ಕೇಳುವಿಕೆ, ಅಂದರೆ ಬಾಟ್ ಎಂಬ ತಂತ್ರಾಂಶಗಳು ಒತ್ತಿ ಒತ್ತಿ ಎಣಿಕೆ ಏರಿಸಿದ್ದು, ಎಂದಿತ್ತು ಡೀಜರ್. ಮೋಸ ಯಾಕೆನ್ನಬೇಕೋ ತಿಳಿಯದು. ಕೊನೆಯವರೆಗೂ ಎದ್ದುಹೋಗದೆ ಕೂರುವ ಕೇಳುಗ ಯಾವ ಕಛೇರಿಯಲ್ಲಿ ಸಿಗುತ್ತಾನೆ?

ಈ ವಿದ್ಯೆಯಲ್ಲಿ ನನಗೆ ಗುರುಸ್ಥಾನದಲ್ಲಿರುವವರು ಅಮೆರಿಕದ ಉತ್ತರ ಕ್ಯಾರೊಲಿನಾದ ಒಬ್ಬ ಮಹಾಶಯರು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹೊರಿಸಿದ ಆರೋಪಪಟ್ಟಿಯ ಪ್ರಕಾರ, ಅವರು ಎಐ ಕಟ್ಟಿದ ಲಕ್ಷಾಂತರ ಹಾಡುಗಳನ್ನು ಹಾಕಿ, 1,040 ಖಾತೆ ತೆರೆದು, ಒಂದೊಂದು ಖಾತೆ ದಿನಕ್ಕೆ ಸುಮಾರು 636 ಹಾಡು ಕೇಳುವಂತೆ ಲೆಕ್ಕ ಹಾಕಿದ್ದರು. ಒಟ್ಟು ದಿನಕ್ಕೆ 6,61,440 ಸಲ. ರಾಯಲ್ಟಿ ಒಂದು ಕೋಟಿ ಡಾಲರ್‌ಗೂ ಮೇಲೆ. ಹಾಡಿದ್ದು ಯಂತ್ರ, ಕೇಳಿದ್ದು ಯಂತ್ರ, ದುಡ್ಡು ಎಣಿಸುವಾಗ ಮಾತ್ರ ಮನುಷ್ಯ. ಬಹುಶಃ ಅಲ್ಲೇ ಅವರು ಎಡವಿದ್ದು.

ಇಷ್ಟರಲ್ಲಿ ನನಗೊಂದು ಘೋರ ಅನ್ಯಾಯವಾಯಿತು. ನನ್ನ 140ನೇ ಹಾಡನ್ನು ಯಾರೋ ಎತ್ತಿಕೊಂಡು ತನ್ನ ಹೆಸರಿನಲ್ಲಿ ಹಾಕಿಕೊಂಡುಬಿಟ್ಟ. ನನ್ನ ಹಾಡು! ನಾನೇ ಈ ಕೈಯಾರೆ ಏಳು ಪದ ಟೈಪ್ ಮಾಡಿ ತೆಗೆದದ್ದು, ಅದರಲ್ಲಿ ಎರಡು ‘ಮತ್ತು’. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯ ಬೆವರು ಸುರಿಸಿ ಮಾಡಿದ್ದನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುವುದೆಂದರೇನು, ಧರ್ಮ ಎನ್ನುವುದು ಇದೆಯೇ ಇಲ್ಲವೇ?

ವಕೀಲರ ಬಳಿ ಓಡಿದೆ. ಅವರು ಕನ್ನಡಕ ಒರೆಸಿಕೊಂಡು, ‘ನೀವು ಹಾಡು ಹಾಕಿದ್ದು ಅಮೆರಿಕದ ತಾಣದಲ್ಲಿ. ಬರೀ ಸೂಚನೆ ಬರೆದು ಯಂತ್ರದಿಂದ ತೆಗೆಸಿದ್ದಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ ಎಂದು ಅಲ್ಲಿನ ಕಾಪಿರೈಟ್ ಕಚೇರಿ 2025ರ ಜನವರಿಯಲ್ಲೇ ವರದಿಯಲ್ಲಿ ಹೇಳಿದೆ’ ಎಂದರು.

‘ಹಾಗಾದರೆ ಹಾಡು ಯಾರದು?’

‘ಯಾರದೂ ಅಲ್ಲ.’

ಶ್ರುತಿಯೇ ತಾಯಿ, ಲಯವೇ ತಂದೆ ಎನ್ನುತ್ತಾರೆ. ನನ್ನ ಹಾಡಿಗೆ ತಾಯಿ ತಂದೆ ಎರಡೂ ಸರ್ವರ್. ನಾನು ಬರೀ ದಾರಿಹೋಕ.

‘ಮನುಷ್ಯರ ಕೈಕೆಲಸ ಸೇರಿದರೆ, ಸೇರಿದಷ್ಟಕ್ಕೆ ಹಕ್ಕು ಕೇಳಬಹುದು. ಯಾರಾದರೂ ಸಂಗೀತ ಬಲ್ಲವರು ಗೊತ್ತಿದ್ದಾರೆಯೇ?’ ಎಂದರು ವಕೀಲರು. ಸಲಹೆಗೆ ಅವರು ತೆಗೆದುಕೊಂಡ ಫೀಸು ನನ್ನ ಇಷ್ಟೂ ಹಾಡುಗಳ ರಾಯಲ್ಟಿಗಿಂತ ಹೆಚ್ಚಿತ್ತು. (ಹೆಚ್ಚಾಗುವುದೇನೂ ಕಷ್ಟವಲ್ಲ. ಸ್ಪಾಟಿಫೈನಲ್ಲಿ ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ದುಡ್ಡೇ ಇಲ್ಲ.)

ಗೆಳೆಯನ ಸ್ಟುಡಿಯೋಗೆ ಹೋದೆ. ಅವನು ಖಾಲಿ ಕೋಣೆಯ ಮೌನ ಕೇಳುತ್ತಾ ಕೂತಿದ್ದ. 2025ರ ಫೆಬ್ರವರಿಯಲ್ಲಿ ಎಐ ಕಂಪನಿಗಳಿಗಾಗಿ ಬ್ರಿಟನ್ನಿನ ಕಾಪಿರೈಟ್ ಕಾನೂನು ಸಡಿಲಿಸುವ ಪ್ರಸ್ತಾಪದ ವಿರುದ್ಧ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಸೇರಿ ಖಾಲಿ ಸ್ಟುಡಿಯೋಗಳ ನಿಶ್ಶಬ್ದವನ್ನೇ ಆಲ್ಬಂ ಮಾಡಿ ಬಿಟ್ಟಿದ್ದರಲ್ಲ, ಅದು. ನಾನೂ ಒಮ್ಮೆ ಯಂತ್ರಕ್ಕೆ ‘ಮೂರು ನಿಮಿಷ ಮೌನ’ ಎಂದು ಬರೆದು ನೋಡಿದ್ದೆ. ಮೌನದ ಹಿಂದೆ ಪಿಯಾನೋ ಹಾಕಿ, ‘ಓ ಮೌನವೇ’ ಎಂದು ಹಾಡಿಸಿ ಕೊಟ್ಟಿತು.

ವಿಷಯ ತಿಳಿಸಿದೆ. ‘ನನ್ನ 140ನೇ ಹಾಡನ್ನು ಕದ್ದಿದ್ದಾರೆ ಕಣೋ. ನೀನು ಸ್ವಲ್ಪ ಕೈಯಾಡಿಸಿಕೊಡು. ಹಾಡು ಆಗಲೇ ಆಗಿದೆ, ರೇಟು ನೋಡಿ ಹೇಳು.’

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಹಿಡಿದ.

‘ಆಯ್ತು, ಪಲ್ಲವಿ ಗುನುಗು.’

ನಾನು ಗಂಟಲು ಸರಿಮಾಡಿಕೊಂಡೆ. ಶ್ರುತಿ ಮೊರೆಯುತ್ತಲೇ ಇತ್ತು. ಮಳೆಯಿತ್ತು ಎಂದು ನೆನಪು. ಕೊಳಲೂ ಇತ್ತೇನೋ.

‘ಒಂದು ನಿಮಿಷ’ ಎಂದು ಫೋನ್ ತೆಗೆದೆ. ಚಾರ್ಜ್ ಇರಲಿಲ್ಲ.