ನಲವತ್ತು ಮಿಲಿಮೀಟರಿನ ರಗಳೆ

ಮಂಗಳೂರಿನ ಬಿಜೈಯ ಒಂದು ಹಳೇ ಮನೆ. ಅಡುಗೆಮನೆಯ ಗೋಡೆ 2740 ಮಿಲಿಮೀಟರ್. 600ರ ನಾಲ್ಕು ಕ್ಯಾಬಿನೆಟ್, 300ರದ್ದು ಒಂದು, ಒಟ್ಟು 2700. ಉಳಿದದ್ದು 40. ಆ ಸಂದಿಗೆ ಒಂದು ಫಿಲ್ಲರ್ ಪಟ್ಟಿ ಕೂರಿಸಬೇಕು, ಅಷ್ಟೇ. ಅದಕ್ಕೆ ನನ್ನ ಇಡೀ ಮಧ್ಯಾಹ್ನ ಹೋಯ್ತು ಮಾರಾಯ್ರೆ!

ಅಡುಗೆಮನೆಯ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರಿನಲ್ಲಿ ಫಿಲ್ಲರ್ ಎಳೆದು ತಂದರೆ ಅದು ಸಂದಿಗೆ ಕೂರುವುದಿಲ್ಲ, ಕ್ಯಾಬಿನೆಟ್ಟಿನ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಈಚೆ ತಳ್ಳಿದರೆ ಪಕ್ಕದ ಡ್ರಾಯರ್ ಜಿಗಿದು ಸಿಂಕಿನ ಮೇಲೆ. ಅಗಲ 40 ಅಂತ ಹಾಕಿದರೆ ಕನಿಷ್ಠ 50 ಬೇಕಂತೆ. ಹೇಗೋ ಕೂರಿಸಿದೆ ಅನ್ನುವಾಗ ಮೇಲಿನ ಗ್ರಾನೈಟ್ ಫಿಲ್ಲರ್ ಹತ್ತಿರ ಬಂದು ತುಂಡಾಗಿ ನಿಂತಿದೆ.

ಸುಮ್ನೆ ಬಿಟ್ಟುಬಿಡುವ ಹಾಗೂ ಇಲ್ಲ. ಮೂಲೆಯಲ್ಲಿ ಫಿಲ್ಲರ್ ಇಲ್ಲದಿದ್ದರೆ ಒಂದು ಡ್ರಾಯರ್ ಎಳೆದಾಗ ಇನ್ನೊಂದರ ಹಿಡಿಗೆ ಬಡಿಯುತ್ತದೆ. ಗೋಡೆ ಪಕ್ಕದ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ಒಳಗಿನ ಬುಟ್ಟಿ ಹೊರಗೆ ಬರುವುದೇ ಇಲ್ಲ.

ಇಷ್ಟಕ್ಕೂ ಅದು ಕೆಂಪುಕಲ್ಲಿನ ಹಳೇ ಗೋಡೆ. ಸಂದಿ ಕೆಳಗೆ 40 ಇದ್ದರೆ ಮೇಲೆ 52. ಪರದೆಯ ಗೋಡೆ ಮಾತ್ರ ಯಾವಾಗಲೂ ನೇರ, ಅಲ್ವಾ!

ನಮ್ಮ ಆಚಾರಿಗಳು ಡ್ರಾಯಿಂಗ್ ಕಡೆ ಜಾಸ್ತಿ ನೋಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ಅಗಲದ ಪ್ಲೈವುಡ್ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಗೋಡೆ ಓರೆಯಾದ ಹಾಗೇ ಗೆರೆ ಎಳೆದರು. ಕೊಯ್ದರು, ಎರಡು ಸಲ ಕೀಸುಳಿ ಹಾಕಿದರು, ಕೂರಿಸಿದರು. ಹತ್ತು ನಿಮಿಷ.

"ಇದಕ್ಕೆ ಕಂಪ್ಯೂಟರ್ ಎಂತಕ್ಕೆ?" ಅಂತ ಬೇರೆ ಕೇಳಿದರು. ಮನೆಯವರಿಗೆ ಬಣ್ಣದ ತ್ರೀಡಿ ಚಿತ್ರ ಬೇಕಲ್ಲ, ಅದಕ್ಕೆ. ಅದರಲ್ಲಿ ಗ್ರಾನೈಟ್ ಇನ್ನೂ ತುಂಡಾಗಿಯೇ ಇದೆ.